ಒಂದೇ ಸೀಟಿನ ದೋಣಿ

ಕೈಕಾಲಿನ ವ್ಯಾಯಾಮ ಮಾಡಿಸುವ ಕ್ಲಿನಿಕ್ಕಿನ ಬೆಂಚಿನಲ್ಲಿ ನೋಯುವ ಭುಜ ಒತ್ತಿಕೊಳ್ಳುತ್ತ ಕೂತಿದ್ದ ಟೈಲರಮ್ಮನ ಕಿವಿಗೆ ಪಕ್ಕದವರ ವಾದ ಬಿತ್ತು. ಒಬ್ಬ ಎಡಗೈ ಸ್ವಾಧೀನ ತಪ್ಪಿದ ತಾತ. ಇನ್ನೊಬ್ಬಳು ಅವನ ಮೊಮ್ಮಗಳು, ಮೊಬೈಲ್ ಗೇಮ್ ತಯಾರಿಸುವವಳು. ಮಾಡಿದ್ದನ್ನು ಮೊದಲು ತಾತನಿಗೇ ಆಡಲು ಕೊಡುತ್ತಾಳಂತೆ.

“ಹತ್ತು ದಿನದಿಂದ ಗೇಮಲ್ಲಿ ನದಿ ದಡದಲ್ಲೇ ನಿಂತಿದೀಯಲ್ಲ ತಾತ. ಬಟನ್ ಒತ್ತೋಕೆ ಕಷ್ಟಾನಾ? ದೊಡ್ಡದು ಮಾಡ್ಲಾ?”

“ಬಟನ್ ಸರಿಯಾಗೇ ಇದೆ. ದೋಣೀಲಿ ಒಂದೇ ಸೀಟು ಇಟ್ಟಿದೀಯ, ಅದು ತಪ್ಪು.”

“ಕಥೆ ಇರೋದೇ ಹಾಗೆ. ದಾರಿ ತೋರಿಸಿದ ಅಜ್ಜಿ ಈಚೆ ಉಳೀತಾಳೆ, ನೀನು ಆಚೆ ಹೋಗ್ತೀಯ.”

“ಕಾಡು, ಗುಹೆ ಎಲ್ಲಾ ದಾಟಿಸಿದೋಳನ್ನ ಬಿಟ್ಟು ಹೋಗ್ಬೇಕಾ? ಮೂವತ್ತು ವರ್ಷ ಕಂಡಕ್ಟರ್ ಆಗಿದ್ದೆ ಕಣೇ. ಕೊನೆಯೋರು ಹತ್ತೋ ತನಕ ಒಂದಿನಾನೂ ರೈಟ್ ಅಂದಿಲ್ಲ.”

“ಆಡೋರಿಗೆ ಅಲ್ಲಿ ಕರುಳು ಚುರ್ ಅನ್ಬೇಕು. ಅದಕ್ಕೇ ಹಾಗೆ ಇಟ್ಟಿರೋದು.”

“ಚುರ್ ಅಂತು. ಅದಕ್ಕೇ ನಿಂತಿದೀನಿ.”

ಟೈಲರಮ್ಮ ಭುಜ ಒತ್ತುವುದನ್ನೇ ಮರೆತಿದ್ದಳು.

“ಇನ್ನೊಂದು ಸೀಟು ಹಾಕಿದ್ರೆ ಮುಂದಿನ ಕಥೆಯೆಲ್ಲ ತಿದ್ದಬೇಕಾಗುತ್ತೆ ತಾತ.”

“ತಿದ್ದು. ನಮಗೇನೂ ಅವಸರ ಇಲ್ಲ. ಹಾಗೇ ಆ ಅಜ್ಜಿಗೆ ಕೂತ್ಕೊಳ್ಳೋದನ್ನೂ ಕಲಿಸು, ಪಾಪ ನಿಂತೇ ಇರ್ತಾಳೆ.”

ಒಳಬಾಗಿಲು ತೆರೆದು ನರ್ಸ್ ತಾತನನ್ನು ಕರೆದಳು. “ಪೇಶೆಂಟ್ ಒಬ್ಬರೇ ಬನ್ನಿ.”

ಮೊಮ್ಮಗಳು ತಾತನ ಕಂಕುಳಿಗೆ ಕೈಕೊಟ್ಟು ಎಬ್ಬಿಸಿದಳು. “ಇಬ್ಬರೂ ಬರ್ತೀವಿ ಸಿಸ್ಟರ್.”

ಹೊಸ್ತಿಲು ದಾಟಿದ ತಾತ ಅಲ್ಲೇ ನಿಂತ. ಮೊಮ್ಮಗಳ ಇನ್ನೊಂದು ಕಾಲೂ ಒಳಗೆ ಬಂದ ಮೇಲೆ ಮೆಲ್ಲಗೆ ಹೇಳಿದ, “ರೈಟ್.”