ಗಾಳಿ ನಿಲ್ಲದ ತೊಟ್ಟಿ

ಅಯ್ಯೋ, ಆ ನೀರಲ್ಲ ಪುಟ್ಟಿ! ನಲ್ಲಿ ನಿಲ್ಲಿಸು, ನಿಲ್ಲಿಸು... ಮಗೂಗೆ ಹಾಲಿನ ಪುಡಿ ಕಲಸೋಕೆ ಕ್ಯಾನಿನ ನೀರು ಹಾಕು ಅಂತ ನೀನು ಬಂದ ದಿನವೇ ಹೇಳಿರಲಿಲ್ವ? ಯಾಕೆ ಅಂದ್ರೆ? ಸುಮ್ನೆ. ತಾತ ಆದವನಿಗೆ ಅಷ್ಟೂ ಅಧಿಕಾರ ಇಲ್ವಾ?

ಯಾಕೆ ನಗ್ತೀಯ? ಓ, ಅಪ್ಪ ಕಟ್ಟಿಸಿದ ಕೊಳಚೆ ಶುದ್ಧಿ ಘಟಕದ ಮೇಲೆ ಅಪ್ಪನಿಗೇ ನಂಬಿಕೆ ಇಲ್ಲ ಅಂತಾನಾ? ಲೇ, ಬಾ ಇಲ್ಲಿ, ಕಿಟಕೀಲಿ ಬಗ್ಗಿ ನೋಡು. ಈ ಕಟ್ಟಡದ ಅಷ್ಟೂ ಮನೆ ಬಚ್ಚಲು, ಕಕ್ಕಸಿನ ನೀರು ಅಗೋ ಆ ತೊಟ್ಟಿಗೆ ಹೋಗುತ್ತೆ. ಎರಡು ಕಾರು ನಿಲ್ಲೋ ಜಾಗ, ಅಷ್ಟೇ! ಬೇರೆ ಎಂಜಿನಿಯರುಗಳು ಇಡೀ ಅಂಗಳಾನೇ ಕೇಳಿದ್ರು. ಹೊರಗೆ ಬರೋ ನೀರು ನೋಡು, ಕನ್ನಡಿ! ಬೇಕಾದ್ರೆ ಮೂಸು... ಛೀ ಅಂತೀಯಲ್ಲ!

ಹೆಂಗೆ ಅಂತ ಕೇಳು. ಕೇಳಲ್ವ? ಆದ್ರೂ ಹೇಳ್ತೀನಿ. ಕೊಳಚೇಲಿರೋ ಸಾರಜನಕ ಇದೆಯಲ್ಲ, ಅದೇ ದೊಡ್ಡ ತಲೆನೋವು. ಅದನ್ನ ಓಡಿಸೋಕೆ ಎರಡು ಥರ ಸೂಕ್ಷ್ಮಜೀವಿ ಬೇಕು. ಒಂದಕ್ಕೆ ಗಾಳಿ ಊದಬೇಕು, ಅದು ಅಮೋನಿಯಾನ ನೈಟ್ರೇಟ್ ಮಾಡುತ್ತೆ. ಇನ್ನೊಂದು ಇದೆ, ಗಾಳಿ ನಿಂತ ಮೇಲೇ ಅದರ ಕೆಲಸ ಶುರು. ಆ ನೈಟ್ರೇಟ್ ಮುರಿದು ಸಾರಜನಕಾನ ಮೇಲಕ್ಕೆ ಹಾರಿಸಿಬಿಡುತ್ತೆ. ಎಲ್ಲರೂ ಎರಡು ತೊಟ್ಟಿ ಕಟ್ತಾರೆ. ನಾನು ಒಂದೇ ಕಟ್ಟಿ, ಸ್ವಲ್ಪ ಹೊತ್ತು ಊದು, ಸ್ವಲ್ಪ ಹೊತ್ತು ನಿಲ್ಲಿಸು ಅಂತ ಪಾಳಿ ಹಾಕ್ದೆ. ಅತ್ತೆ ಸೊಸೆಗೆ ಒಂದೇ ಅಡುಗೆಮನೆ! ಒಬ್ಬರು ಹೊರಗೆ ಹೋದ ಮೇಲೇ ಇನ್ನೊಬ್ಬರು ಒಳಗೆ... ಹ್ಞಾ, ನಕ್ಕೆ ನೋಡು!

ಏನು? ಅದು ಕುದಿಸಿದ ನೀರಾ? ಕುದಿಸಿದ್ರೆ ಹೋಗಲ್ಲ ಕಣೇ ಅದು, ಇನ್ನೂ ಜಾಸ್ತಿ... ಯಾವುದು ಅಂದ್ರೆ... ಗಡಸು. ಬೋರ್‌ವೆಲ್ ನೀರಲ್ವ.

ಕಿಟಕಿ ಹತ್ರ ಯಾಕೆ ಹೋದೆ? ಏನು ಕೇಳಿಸ್ಕೊಳ್ತಿದ್ದೀಯ? ಆ ಗುಂಯ್ ಅನ್ನೋದಾ... ಗಾಳಿ ಊದೋ ಯಂತ್ರ. ನೀನು ಬಂದಾಗಿಂದ ನಿಂತೇ ಇಲ್ವಾ? ನಿಲ್ಲುತ್ತೆ, ನಿಲ್ಲುತ್ತೆ... ಅಲ್ಲಮ್ಮ, ನಿಲ್ಲಿಸಿದಾಗೆಲ್ಲ ಕೆಳಗಿನ ಮನೆಯವರು ವಾಸನೆ ವಾಸನೆ ಅಂತ ಬಾಯಿ ಬಡ್ಕೊಳ್ತಾರೆ! ಉದ್ಘಾಟನೆಗೆ ಬಂದವರು ಮೂಗು ಮುಚ್ಕೊಂಡ್ರೆ ನನ್ನ ಮರ್ಯಾದೆ ಏನಾಗ್ಬೇಕು? ಒಂದು ದಿನದ ಮಟ್ಟಿಗೆ ಅಂತ ಊದೋಕೆ ಬಿಟ್ಟೆ. ವಾಸನೆ ಮಾಯ! ಎಲ್ಲರೂ ಬೆನ್ನು ತಟ್ಟಿದ್ರು. ಆಮೇಲೆ ಯಾವ ಬಾಯಲ್ಲಿ ನಿಲ್ಲಿಸಿ ಅನ್ಲಿ?

ನೈಟ್ರೇಟಾ? ಅದು... ಉಳಿದೇ ಬಿಡುತ್ತೆ, ತೊಟ್ಟಿ ನೀರಿನ ಜೊತೆ ಹುಲ್ಲಿಗೆ ಹೋಗುತ್ತೆ. ಎಷ್ಟು ಸೊಂಪಾಗಿದೆ ನೋಡು ಹುಲ್ಲು! ಉಳಿದದ್ದು ಇಂಗುತ್ತೆ... ಹೌದು, ಬೋರ್‌ವೆಲ್ ಇರೋದೂ ಅಲ್ಲೇ. ಹಂಗೆ ನೋಡ್ಬೇಡ ನನ್ನ! ದೊಡ್ಡವರಿಗೆ ಏನೂ ಆಗಲ್ಲ, ನಾನೇ ದಿನಾ ಕುಡೀತೀನಿ. ಹಸುಗೂಸು ಮಾತ್ರ... ರಕ್ತಕ್ಕೆ ಆಮ್ಲಜನಕ ಸಿಗದೆ ಮೈ ನೀಲಿಗಟ್ಟಬಹುದು ಅಂತಾರೆ, ಅದೂ ತೀರಾ ಜಾಸ್ತಿ ಆದ್ರೆ! ಅದಕ್ಕೇ ತಾನೇ ಕ್ಯಾನ್ ತರಿಸಿದ್ದು? ನಮ್ಮ ಮಗೂಗೆ ಏನಾದ್ರೂ ಆಗೋಕೆ ಬಿಡ್ತೀನಾ ನಾನು?

ಅರೆ... ಕ್ಯಾನ್ ಎತ್ಕೊಂಡು ಎಲ್ಲಿಗೆ? ಮೇಲಿನ ಮನೆಗಾ? ಯಾಕೆ, ಅವರ ಕೂಸು ಇನ್ನೂ ತಾಯಿ ಹಾಲೇ... ಅಲ್ವಾ? ಬಾಟಲಿ ಹಾಲು ಶುರು ಮಾಡಿದ್ದಾರಾ, ಈ ನಲ್ಲಿ ನೀರಲ್ಲೇ?

ಯಾವಾಗಿಂದ?

ಪುಟ್ಟಿ... ಮೆಟ್ಟಿಲು ಹತ್ತೋ ಮುಂಚೆ ಹೇಳೇ.