ಮೈಕಿನಲ್ಲಿ ಓದಿದ ಹೆಸರು

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ನಾನು ಶುರು ಮಾಡಿದ ಕೂಡಲೇ ನೀವೆಲ್ಲ ಕಂಬಕ್ಕೆ ಒರಗಿ ಕೂರುತ್ತೀರಿ. ನನಗೆ ಗೊತ್ತು, ಇಪ್ಪತ್ತು ವರ್ಷದಿಂದ ನೋಡುತ್ತಿದ್ದೇನೆ. ಕಥೆಯ ಶ್ರೀಮಂತ ಯಾವಾಗಲೂ ಬೇರೆ ಊರಿನವನು. ಜಿಪುಣನೂ ಅವನೇ, ಸೊಕ್ಕಿನವನೂ ಅವನೇ, ಕೊನೆಗೆ ಅಳುವವನೂ ಅವನೇ. ನಾವು ಮಾತ್ರ ಪ್ರಸಾದ ತೆಗೆದುಕೊಂಡು ನಿಶ್ಚಿಂತೆಯಿಂದ ಮನೆಗೆ ಹೋಗುವವರು. ಇವತ್ತು ಸ್ವಲ್ಪ ನೆಟ್ಟಗೆ ಕೂತುಕೊಳ್ಳಿ.

ಇವತ್ತಿನ ಶ್ರೀಮಂತನಿಗೆ ಹೊಲ ಇರಲಿಲ್ಲ, ಹೆಂಡತಿ ಮಕ್ಕಳು ಇರಲಿಲ್ಲ. ಮಾತು ಇತ್ತು ನೋಡಿ, ಮಾತು. ಮಾತಿನ ಶ್ರೀಮಂತ ಅವನು. ಬಾಯಿ ತೆರೆದರೆ ಸಾವಿರ ಜನ ಸುಮ್ಮನಾಗುತ್ತಿದ್ದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆಯನ್ನು ಎಷ್ಟು ಸಭೆಗಳಲ್ಲಿ ಹೇಳಿದ್ದನೋ. ಮಾತು ಬಲ್ಲವನಿಂದಲೇ ಒಬ್ಬರ ರೋಗ ಬೆಳೆಯಬಹುದು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅವನಿದ್ದ ಮಠದಲ್ಲಿ ಒಂದು ಪದ್ಧತಿ. ನಿಮ್ಮಲ್ಲೂ ಉಂಟು, ಎಲ್ಲ ಕಡೆಯೂ ಉಂಟು. ಶ್ರಾವಣದಲ್ಲಿ ಪ್ರವಚನ ಮುಗಿದ ಮೇಲೆ ದಾಸೋಹಕ್ಕೆ ಕೊಟ್ಟವರ ಪಟ್ಟಿಯನ್ನು ಮೈಕಿನಲ್ಲಿ ಓದುವುದು. ಪಟ್ಟಿಯಲ್ಲಿ ಮೂರು ಕಾಲಂ. ಮೊದಲು ಹೆಸರು, ಆಮೇಲೆ ಓಣಿ, ಆಮೇಲೆ ಏನು ಕೊಟ್ಟರು ಎಂಬುದು. ಇಂಥವರು, ಕುಂಬಾರ ಓಣಿ, ಒಂದು ಚೀಲ ಜೋಳ. ಇಂಥವರು, ಪ್ಯಾಟಿ ಓಣಿ, ಐದು ಸೇರು ತುಪ್ಪ. ಹೆಸರು ಬಂದವರು ಎದ್ದು ನಿಂತು ಕೈ ಮುಗಿಯಬೇಕು, ಸಭೆ ಚಪ್ಪಾಳೆ ತಟ್ಟಬೇಕು. ತಮ್ಮ ಹೆಸರು ಬರಲಿಲ್ಲವೆಂದು ಮುನಿಸಿಕೊಂಡು ಮಠ ಬಿಟ್ಟವರೂ ಇದ್ದಾರೆ. ನಗಬೇಡಿ, ನಿಮ್ಮಲ್ಲಿ ಇಬ್ಬರನ್ನು ನಾನೇ ಬಲ್ಲೆ.

ಆ ವರ್ಷ ಆ ಊರಿಗೆ ಕ್ಯಾನ್ಸರ್ ತಪಾಸಣೆಯ ವ್ಯಾನು ಬರುವುದಿತ್ತು. ಹೆಣ್ಣುಮಕ್ಕಳ ಎದೆ, ಗರ್ಭಕೋಶದ ಬಾಯಿ ನೋಡುವ ತಪಾಸಣೆ. ಊರಿನ ಆಶಾ ಕಾರ್ಯಕರ್ತೆ ಹುಸೇನಬಿ ಎಂಬ ತಾಯಿ ಎರಡು ತಿಂಗಳು ಓಣಿ ಓಣಿ ಸುತ್ತಿದರು. ಲಿಂಗಾಯತರ ಓಣಿ, ಕುರುಬರ ಓಣಿ, ಹರಿಜನ ಕೇರಿ, ಮುಸ್ಲಿಮರ ಓಣಿ, ಊರ ಹೊರಗಿನ ಲಂಬಾಣಿ ತಾಂಡಾ. ಓಣಿ ಬೇರೆ, ದೇವರು ಬೇರೆ, ಅಡುಗೆ ಬೇರೆ. ಆದರೆ ಹುಸೇನಬಿ ಬಾಯಿಬಿಟ್ಟು ವಿಷಯ ಹೇಳಿದ ಕೂಡಲೇ ಎಲ್ಲ ಹೆಂಗಸರೂ ಸೆರಗನ್ನು ಒಂದೇ ಥರ ಎಳೆದುಕೊಂಡರಂತೆ. ನಾಚಿಕೆಯಲ್ಲಿ ನಾವೆಲ್ಲ ಒಂದೇ ಕುಲದವರು.

ಕೊನೆಗೂ ಮೂವತ್ತೆಂಟು ಮಂದಿ ಹೆಸರು ಕೊಟ್ಟರು. ಹುಸೇನಬಿ ಒಂದು ಹಾಳೆಯಲ್ಲಿ ಬರೆದುಕೊಂಡರು. ಮೊದಲು ಹೆಸರು, ಆಮೇಲೆ ಓಣಿ, ಆಮೇಲೆ ಏನು ತೊಂದರೆ ಎಂಬುದು. ದಾಸೋಹದ ಮನೆಯಲ್ಲಿ ಅವತ್ತು ಊಟದ ವ್ಯವಸ್ಥೆ ಆಗಬೇಕಿತ್ತಲ್ಲ, ಎಷ್ಟು ಜನ ಎಂದು ತಿಳಿಯಲಿ ಎಂದು ಆ ಹಾಳೆಯನ್ನು ಮಠದ ಗುಮಾಸ್ತನಿಗೆ ತೋರಿಸಲು ತಂದರು. ಗುಮಾಸ್ತ ಅದನ್ನು ತನ್ನ ಕಡತದಲ್ಲಿ ಸಿಕ್ಕಿಸಿದ. ಯಾವ ಕಡತ? ದಾನಿಗಳ ಪಟ್ಟಿಯ ಕಡತ.

ಈಗ ನಿಮಗೆ ಅರ್ಥವಾಗುತ್ತಿರಬೇಕು. ಪ್ರವಚನ ಮುಗಿಯಿತು. ಮಾತಿನ ಶ್ರೀಮಂತ ಪಟ್ಟಿ ಕೈಗೆತ್ತಿಕೊಂಡ. ಜೋಳ ಓದಿದ, ತುಪ್ಪ ಓದಿದ, ಹಾಳೆ ತಿರುವಿದ. ಮುಂದಿನದು ತಪಾಸಣೆಯ ಪಟ್ಟಿ ಎಂದು ಅವನಿಗೆ ಗೊತ್ತಾಯಿತು. ಆಗಲೇ ಮಡಚಿಡಬಹುದಿತ್ತು. ಅವನು ಏನು ಮಾಡಿದ? ಧೈರ್ಯವಂತ ತಾಯಂದಿರಿಗೆ ಗೌರವ ಸಲ್ಲಬೇಕು ಎಂದು ಒಂದು ಸಣ್ಣ ಭಾಷಣ ಮಾಡಿ ಓದಲು ಶುರು ಮಾಡಿದ. ಮೊದಲನೆಯವರು, ಇಂಥ ಓಣಿ, ತಪಾಸಣೆಗೆ ಮಾತ್ರ. ಚಪ್ಪಾಳೆ. ಎರಡನೆಯವರು, ಇಂಥ ಓಣಿ, ತಪಾಸಣೆಗೆ ಮಾತ್ರ. ಚಪ್ಪಾಳೆ. ಮೂರನೆಯವರು, ಇಂಥ ಓಣಿ, ಎಡ ಎದೆಯಲ್ಲಿ ಗಂಟು, ಎಂಟು ತಿಂಗಳಿಂದ.

ಚಪ್ಪಾಳೆ ಬರಲಿಲ್ಲ. ಕಣ್ಣು ಮೊದಲೇ ಕಂಡಿತ್ತು, ನಾಲಿಗೆ ನಿಲ್ಲಲಿಲ್ಲ. ಗಂಡಸರ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹೆಂಗಸರ ಸಾಲಿನಲ್ಲಿ ತಲೆಗಳು ಒಂದೇ ಕಡೆ ತಿರುಗಿದವು. ಅವನು ಹಾಳೆ ಮಡಚಿದ್ದು ಆಮೇಲೆ.

ನೀವು ಆಗಲೇ ನನ್ನ ಮುಖ ನೋಡುತ್ತಿದ್ದೀರಿ. ಹೌದು, ಬೇರೆ ಊರಿನ ಕಥೆ, ಬೇರೆ ಮನುಷ್ಯನ ಕಥೆಯಲ್ಲ. ಮೈಕು ಹಿಡಿದಿದ್ದವನು ನಾನು. ಆಗ ನಾನು ಸ್ವಾಮಿಯಾಗಿದ್ದ ಮಠ ಅದು. ಊರು ಯಾವುದು ಎಂದು ಹುಡುಕಬೇಡಿ. ಆ ತಾಯಿಯ ಹೆಸರನ್ನಂತೂ ಕೇಳಲೇಬೇಡಿ. ಹೆಸರು ಹೇಳಿಯೇ ಕೆಟ್ಟಿದ್ದು.

ಆಕೆಗೆ ನಲವತ್ತಾರು ವರ್ಷ. ಮಗಳ ಮದುವೆ ಗೊತ್ತಾಗಿತ್ತು. ಗಂಡಿನ ತಾಯಿ, ಬೀಗತಿ ಆಗುವವರು, ಅವತ್ತು ಆಕೆಯ ಪಕ್ಕದಲ್ಲೇ ಕೂತಿದ್ದರು. ಆಕೆ ಏನು ಮಾಡಬೇಕು ಹೇಳಿ? ಎದ್ದು ನಿಂತು ಕೈ ಮುಗಿಯಬೇಕೇ? ನಗುತ್ತಾ ಬೀಗತಿಯ ಕಡೆ ತಿರುಗಿ ಹೇಳಿದಳಂತೆ.

"ನನ್ನ ಹೆಸರಿನಾಕಿ ಇನ್ನೊಬ್ಬಾಕಿ ಅದಾಳ್ರಿ, ನಮ್ಮ ಓಣ್ಯಾಗ. ಪಾಪ, ಆಕಿದು. ನನಗೇನಾಗೇತಿ, ಗುಂಡಕಲ್ಲ ಇದ್ದಂಗ ಅದೀನಿ."

ಆ ಓಣಿಯಲ್ಲಿ ಆ ಹೆಸರಿನವರು ಬೇರೆ ಯಾರೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಹುಸೇನಬಿ ಮಠದ ಹಿಂಬಾಗಿಲಿಗೆ ಬಂದರು. ಒಳಗೆ ಬನ್ನಿ ಎಂದೆ, ಬರಲಿಲ್ಲ. ಹೊಸ್ತಿಲಾಚೆ ನಿಂತೇ ಮಾತಾಡಿದರು.

"ಅಜ್ಜಾರ, ಆ ಮನಿಗೆ ನಾ ನಾಕ ಸಲ ಹೋಗೀನ್ರಿ. ಮೊದಲನೇ ಸಲ ಬಾಗಲಾ ಹಾಕ್ಕೊಂಡ್ರು. ಎರಡನೇ ಸಲ ಚಾ ಕೊಟ್ಟು ಬ್ಯಾರೆ ಮಾತಾಡಿದ್ರು. ಮೂರನೇ ಸಲ ಅತ್ತರು. ನಾಕನೇ ಸಲ ಸೆರಗ ಸರಿಸಿ ತೋರಿಸಿದ್ರು. ನೀವು ಒಂದ ಉಸರಿನ್ಯಾಗ ಎಲ್ಲಾ ಮುಗಿಸಿಬಿಟ್ರಿ."

ಈಗ ಏನು ಮಾಡಬೇಕು ತಾಯಿ ಎಂದು ಕೇಳಿದೆ.

"ನೀವ ಅವರ ಮನಿಗೆ ಹೋಗ್ರಿ. ತಪ್ಪಾತು ಅನ್ರಿ. ನೀವ ಹೇಳಿದ್ರ ಬರತಾರ. ನಾ ಹೇಳಿದ್ರ ಇನ್ನ ಬರೂದಿಲ್ಲ."

ಎಷ್ಟು ಸುಲಭದ ಕೆಲಸ ನೋಡಿ. ನೂರು ಹೆಜ್ಜೆ ನಡೆಯಬೇಕು, ಎರಡು ಮಾತು ಆಡಬೇಕು. ನಾನು ಹೋದರೆ ಜನ ಮತ್ತೆ ಮಾತಾಡಿಕೊಳ್ಳುತ್ತಾರೆ, ಆ ತಾಯಿಗೇ ತೊಂದರೆ ಎಂದೆ. ಸಾವಿರ ಜನರ ಮುಂದೆ ತಪ್ಪು ಮಾಡಲು ಅಂಜದವನು ಒಬ್ಬಳ ಮುಂದೆ ತಪ್ಪಾಯಿತು ಎನ್ನಲು ಅಂಜಿದೆ. ಕಾವಿ ಬಟ್ಟೆಗೆ ಬಾಗುವುದು ಕಷ್ಟ. ಹುಸೇನಬಿ ತಿರುಗಿ ಹೋದರು.

ವ್ಯಾನು ಬಂತು. ಮೂವತ್ತೆಂಟರಲ್ಲಿ ಬಂದವರು ಎಷ್ಟು ಮಂದಿ? ಐದು. ಆ ಐವರು ಯಾರು? ಮೂವರು ಮುಸ್ಲಿಮರ ಓಣಿಯವರು, ಇಬ್ಬರು ತಾಂಡಾದವರು. ಅವರು ಯಾಕೆ ಬಂದರು ಗೊತ್ತೇ? ಅವರು ಮಠಕ್ಕೆ ಬರುವವರಲ್ಲ. ನಾನು ಓದಿದ್ದು ಅವರ ಕಿವಿಗೆ ಬಿದ್ದಿರಲಿಲ್ಲ. ತಾಂಡಾದ ಒಬ್ಬಾಕೆಗೆ ಗರ್ಭಕೋಶದ ಬಾಯಲ್ಲಿ ಸಣ್ಣ ಕಲೆ ಕಂಡಿತು, ಆಗಿಂದಾಗಲೇ ಚಿಕಿತ್ಸೆಯಾಯಿತು. ಇವತ್ತು ಸಂತೆಯಲ್ಲಿ ಕೂತು ತರಕಾರಿ ಮಾರುತ್ತಾಳೆ, ನನ್ನನ್ನು ಕಂಡರೆ ಸೌತೆಕಾಯಿ ಕೊಡುತ್ತಾಳೆ. ಕೇಳಿಸಿಕೊಳ್ಳಿ. ನನ್ನ ಪ್ರವಚನ ಕೇಳದವರು ಉಳಿದರು. ಇದಕ್ಕಿಂತ ನಾಚಿಕೆಗೇಡು ಒಬ್ಬ ಪ್ರವಚನಕಾರನಿಗೆ ಬೇರೆ ಉಂಟೇ?

ಆ ತಾಯಿ ಎಲ್ಲಿದ್ದಳು? ಬಂದಿದ್ದಳು. ವ್ಯಾನಿಗಲ್ಲ, ದಾಸೋಹದ ಮನೆಗೆ. ತನಗೇನೂ ಆಗಿಲ್ಲ ಎಂದು ಊರಿಗೆ ತೋರಿಸಬೇಕಲ್ಲ, ಎಲ್ಲರಿಗೂ ಕಾಣುವಂತೆ ಬಾಗಿಲ ಬಳಿಯ ಒಲೆಯ ಮುಂದೆ ಕೂತು ಬೆಳಗಿನಿಂದ ಮಧ್ಯಾಹ್ನದವರೆಗೆ ರೊಟ್ಟಿ ಬಡಿದಳು. ಜೋಳದ ರೊಟ್ಟಿ ಬಡಿಯುವುದೆಂದರೆ ಗೊತ್ತಲ್ಲ, ಎರಡೂ ತೋಳು ದುಡಿಯಬೇಕು. ನಡುನಡುವೆ ಎಡಗೈ ನಿಲ್ಲಿಸಿ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಅಲ್ಲಿಂದ ವ್ಯಾನಿಗೆ ನಲವತ್ತು ಹೆಜ್ಜೆ. ಅದರ ಬಾಗಿಲು ತೆರೆದೇ ಇತ್ತು, ಒಳಗೆ ಹೆಣ್ಣು ಡಾಕ್ಟರು ಸುಮ್ಮನೆ ಕೂತಿದ್ದರು.

ನಾನು ಇದನ್ನೆಲ್ಲ ನೋಡಿದೆ. ಕಣ್ಣಾರೆ ನೋಡಿದೆ. ಊಟಕ್ಕೆ ಕೂತಾಗ ಆಕೆಯೇ ಬಂದು ನನ್ನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು. "ಇನ್ನೊಂದ ಹಾಕ್ಲೇನ್ರಿ ಅಜ್ಜಾರ" ಎಂದಳು. ಆಗಲಾದರೂ ಹೇಳಬಹುದಿತ್ತು. ಏಳವ್ವಾ, ರೊಟ್ಟಿ ಯಾರಾದರೂ ಬಡಿಯುತ್ತಾರೆ, ನೀನು ಆ ಕಡೆ ಹೋಗು ಎನ್ನಬಹುದಿತ್ತು. ನಾನು ಹಾಕು ಎಂದೆ. ಎರಡು ರೊಟ್ಟಿ ಉಂಡೆ. ರುಚಿಯಾಗಿದ್ದವು ಎಂದು ಹೇಳಲು ಕೂಡ ನಾಚಿಕೆಯಾಗುತ್ತದೆ, ಆದರೆ ರುಚಿಯಾಗಿದ್ದವು.

ಮಗಳ ಮದುವೆ ಆಯಿತು. ಮದುವೆಯಾಗಿ ನಾಲ್ಕು ತಿಂಗಳಿಗೆ ಆಕೆಯ ಕೈ ಊದಿತು, ಗಂಟು ಒಡೆದು ಹುಣ್ಣಾಯಿತು. ಆಗ ದೊಡ್ಡ ಊರಿನ ಆಸ್ಪತ್ರೆಗೆ ಕರೆದೊಯ್ದರು. ವೈದ್ಯರು ಕೇಳಿದ ಮೊದಲ ಪ್ರಶ್ನೆ, ಇಷ್ಟು ದಿನ ಎಲ್ಲಿದ್ದಿರಿ ಎಂದು. ಎಲ್ಲಿದ್ದಳು? ನನ್ನ ದಾಸೋಹದ ಮನೆಯಲ್ಲಿದ್ದಳು. ನೋವಾಗಲಿಲ್ಲ, ಹಾಗಾಗಿ ದೊಡ್ಡದೇನೂ ಅಲ್ಲ ಎಂದುಕೊಂಡೆ ಎಂದಳಂತೆ. ಶುರುವಿನಲ್ಲಿ ಅದು ನೋಯದೆಯೂ ಇರಬಹುದು. ನೋಯುವ ತನಕ ಕಾಯಬಾರದು ಎಂದು ಹೇಳಲಿಕ್ಕೇ ಆ ವ್ಯಾನು ಬಂದದ್ದು. ಆರು ತಿಂಗಳು ಒದ್ದಾಡಿದಳು. ಉಳಿಯಲಿಲ್ಲ.

ನಮ್ಮಲ್ಲಿ ಪದ್ಧತಿ ನಿಮಗೆ ಗೊತ್ತು. ಹೋದವರಿಗೆ ವಿಭೂತಿ ಹಚ್ಚಿ ಕೂರಿಸಿರುತ್ತಾರೆ, ಮಣ್ಣು ಮಾಡುವ ಮುಂಚೆ ಸ್ವಾಮಿಗಳು ಬಂದು ತಲೆಯ ಮೇಲೆ ಪಾದ ಇಡಬೇಕು. ನನ್ನನ್ನು ಕರೆದರು. ಹೋದೆ, ನಿಂತೆ. ಪಾದ ಎತ್ತಲಾಗಲಿಲ್ಲ. ಈ ಪಾದ ಅವತ್ತು ನೂರು ಹೆಜ್ಜೆ ನಡೆದಿದ್ದರೆ ಇವತ್ತು ಈ ತಲೆಯ ಮೇಲೆ ಇಡುವ ಪ್ರಸಂಗ ಬರುತ್ತಿರಲಿಲ್ಲವೇನೋ. ಒಬ್ಬ ಹಿರಿಯರು, "ಅಜ್ಜಾರ, ಹೊತ್ತಾಗತೈತ್ರಿ" ಎಂದರು. ಆಗ ಆ ಮಗಳು ನನ್ನ ಹತ್ತಿರ ಬಂದಳು.

"ನಮ್ಮವ್ವಗ ನಿಮ್ಮ ಮ್ಯಾಲ ಸಿಟ್ಟಿರಲಿಲ್ರಿ ಅಜ್ಜಾರ. ಅವರು ಬೇಕಂತ ಓದಿಲ್ಲ ಬಿಡ, ಚಲೋದಾಗಲಿ ಅಂತ ಓದ್ಯಾರ ಅಂತಿದ್ಲು. ನೀವು ಬಂದ ಒಂದ ಮಾತ ಕೇಳ್ತೀರಿ ಅಂತ ದಾರಿ ನೋಡಿದ್ಲು, ಅಷ್ಟ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಇದನ್ನು ತಡೆದುಕೊಳ್ಳಲಾಗಲಿಲ್ಲ. ಅಲ್ಲಿಯೇ ಎಲ್ಲರ ಮುಂದೆ ಅತ್ತೆ. ಆಮೇಲೆ ಪಾದ ಇಟ್ಟೆ, ಮನೆಯವರಿಗೆ ಅದು ಬೇಕಾಗಿತ್ತು. ಬೀಗತಿಯವರೂ ಅಳುತ್ತಿದ್ದರು. "ಒಂದ ಮಾತ ಹೇಳಿದ್ರ ನಾವೇನ ಮದುವಿ ಬಿಡತಿದ್ವೇನ್ರಿ" ಎಂದರು. ಬಿಡುತ್ತಿದ್ದರೋ ಇಲ್ಲವೋ ದೇವರಿಗೇ ಗೊತ್ತು. ಹೆಣದ ಮುಂದೆ ಎಲ್ಲರೂ ದೊಡ್ಡ ಮನಸ್ಸಿನವರೇ. ಇರುವಾಗ ಆ ಮನಸ್ಸು ಆಕೆಗೆ ಕಾಣುವಂತೆ ಇಟ್ಟಿದ್ದೆವೇ? ನಾನು ಇಟ್ಟಿರಲಿಲ್ಲ.

ಮಗಳನ್ನು ಕೇಳಿಯೇ ಈ ಕಥೆ ಹೇಳುತ್ತಿದ್ದೇನೆ. ಹೇಳ್ರಿ, ಹೆಸರು ಮಾತ್ರ ಬ್ಯಾಡ್ರಿ ಎಂದಿದ್ದಾಳೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ಸ್ವಾಮಿಗಳು ತಪ್ಪು ಮಾಡಿದರಂತೆ ಎಂದು ನಾಳೆ ಚಹಾದಂಗಡಿಯಲ್ಲಿ ಹೇಳಿಕೊಳ್ಳುತ್ತೀರಿ, ಹೇಳಿಕೊಳ್ಳಿ. ಆದರೆ ಅವತ್ತು ಕಿಸಕ್ಕನೆ ನಕ್ಕವರು ಯಾರು? ನಿಮ್ಮಂಥವರೇ. ತಲೆ ತಿರುಗಿಸಿ ನೋಡಿದವರು ಯಾರು? ನಿಮ್ಮಂಥವರೇ. ಹೆಂಗಸಿನ ಎದೆ ಎಂದರೆ ನಗು, ಗರ್ಭಕೋಶ ಎಂದರೆ ಗುಸುಗುಸು, ಕ್ಯಾನ್ಸರ್ ಎಂದರೆ ಮನೆತನಕ್ಕೇ ಕಲೆ. ಇಂಥ ಊರಿನಲ್ಲಿ ಬೆಳೆದ ಹೆಣ್ಣುಮಗಳು ಗಂಟನ್ನು ಸೆರಗಿನಡಿ ಇಟ್ಟುಕೊಳ್ಳದೆ ಇನ್ನೆಲ್ಲಿ ಇಟ್ಟುಕೊಳ್ಳಬೇಕು?

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ನಿಮ್ಮೂರ ಸರ್ಕಾರಿ ಶಾಲೆಯ ಹಿಂದಿನ ಕೋಣೆಗಳಲ್ಲಿ ತಪಾಸಣೆ ಇದೆ. ಹೆಣ್ಣುಮಕ್ಕಳನ್ನು ಹೆಣ್ಣು ಡಾಕ್ಟರೇ ನೋಡುತ್ತಾರೆ. ಎಲ್ಲ ಓಣಿಯವರಿಗೂ ಒಂದೇ ಬಾಗಿಲು. ನಿಮ್ಮ ಆಶಾ ಕಾರ್ಯಕರ್ತೆ ಸಂಜೆ ಬಂದಿದ್ದರು, ಹನ್ನೊಂದು ಮಂದಿ ಹೆಸರು ಕೊಟ್ಟಿದ್ದಾರಂತೆ. ಯಾರು ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಮೂವತ್ತು ದಾಟಿದ ಯಾರಾದರೂ ಹೆಸರು ಕೊಡದೆಯೂ ಹೋಗಬಹುದು. ಗಂಟಿರಲಿ, ಇಲ್ಲದಿರಲಿ, ನೋವಿರಲಿ, ಇಲ್ಲದಿರಲಿ, ಹೋಗಿ. ಹಿಂದಿನ ಸಾಲಿನಲ್ಲಿ ಗುಟ್ಕಾ ಒತ್ತಿಕೊಂಡು ಗಂಭೀರವಾಗಿ ಕೂತ ಮಹನೀಯರೇ, ಬಾಯಿಯನ್ನೂ ಅಲ್ಲಿ ನೋಡುತ್ತಾರೆ. ಬಿಳಿ ಕಲೆ, ಒಣಗದ ಹುಣ್ಣು ಇದ್ದರೆ ಬೇಗ ತಿಳಿದರೆ ಒಳ್ಳೆಯದು. ನಿಮ್ಮ ಜೊತೆ ನಾನೂ ಸರದಿಯಲ್ಲಿ ನಿಂತು ಬಾಯಿ ತೆರೆಯುತ್ತೇನೆ. ಇಷ್ಟು ದಿನ ಮಾತಾಡಲಿಕ್ಕೆ ತೆರೆದಿದ್ದಾಯಿತು.

ಗಂಡಸರೇ, ನಾಳೆ ಮನೆಯಾಕೆ ಹೊರಟು ನಿಂತರೆ ನಾಲ್ಕು ಜನರ ಎದುರು ಎಲ್ಲಿಗೆ ಎಂದು ಕೂಗಬೇಡಿ. ಎಮ್ಮೆ ಹಿಂಡಿಕೊಳ್ಳಿ, ಮಕ್ಕಳಿಗೆ ಊಟಕ್ಕಿಡಿ. ಅತ್ತೆಯಂದಿರೇ, ಸೊಸೆಯನ್ನು ಕಳಿಸಿ ನೀವು ಮನೆಯಲ್ಲಿ ಉಳಿಯಬೇಡಿ, ಜೋಡಿಯಾಗಿ ಹೋಗಿ. ಹೆಣ್ಣು ನೋಡಲು ಹೋಗುವವರೇ, ಆ ಮನೆಯಲ್ಲಿ ಯಾರಿಗೋ ರೋಗ ಇತ್ತಂತೆ ಎಂಬ ಮಾತಿನಿಂದ ಸಂಬಂಧ ತೂಗುವುದನ್ನು ಇವತ್ತಿಗೆ ಬಿಡಿ. ಆ ಒಂದು ಮಾತಿಗೆ ಅಂಜಿ ತಾಯಂದಿರು ಸಾಯುತ್ತಿದ್ದಾರೆ.

ಇನ್ನು ಮಂಗಳಾರತಿ ಬೇಡ, ಎದ್ದು ಮನೆಗೆ ಹೋಗಿ. ಉಣ್ಣಲು ಕೂರುವ ಮುಂಚೆ ಹೆಂಡತಿಯನ್ನು, ಅವ್ವನನ್ನು, ಮನೆಯಲ್ಲಿರುವ ಅಕ್ಕನನ್ನು ಪಕ್ಕಕ್ಕೆ ಕರೆದು, ಬೇರೆ ಯಾರಿಗೂ ಕೇಳಿಸದಂತೆ ಕೇಳಿ. ಮೈಯಲ್ಲಿ ಏನಾದರೂ ಬದಲಾಗಿದೆಯಾ, ಹೇಳಲು ಅಂಜಿಕೊಂಡಿದ್ದೀಯಾ ಎಂದು ಕೇಳಿ. ಅವರು ಏನೂ ಇಲ್ಲ ಎನ್ನುತ್ತಾರೆ. ಹಾಗೆನ್ನುವುದನ್ನು ಅವರಿಗೆ ಕಲಿಸಿದವರು ನಾವು. ಅಷ್ಟಕ್ಕೇ ಸಮಾಧಾನವಾಗಿ ಎದ್ದು ಹೋಗಬೇಡಿ. ಅಲ್ಲೇ ಕೂತಿದ್ದು ಇನ್ನೊಂದು ಸಲ ಕೇಳಿ.