ಮೂವತ್ತಾರು ಡಿಗ್ರಿ

ಇದು ಶುರುವಾಗಿದ್ದು ಹಾಳುಬಾವಿ ದಾಟಿ ಬರ್ತಿದ್ದಾಗ. ಬಾವಿಗೂ ಇದಕ್ಕೂ ಏನೂ ಸಂಬಂಧ ಇಲ್ಲ, ಮೊದಲೇ ಹೇಳಿಬಿಡ್ತೀನಿ. ದಾರಿಯಲ್ಲಿ ಬಾವಿ ಇತ್ತು, ಅಷ್ಟೇ. ಲೈಟು ಆರಿಸಲಾ? ಬೇಡ... ಇರಲಿ ಬಿಡಿ.

ನಮ್ಮ ಭಾವ, ಅಂದ್ರೆ ಅಕ್ಕನ ಗಂಡ, ಒಂದು ಈಜುಕೊಳ ನೋಡಿಕೊಳ್ತಿದ್ದ. ಮೋಜಿನ ಕೊಳ ಅಲ್ಲ. ಮಂಡಿ ಹಿಡಿದವರು, ಸೊಂಟ ಮುರಿದವರು ಬೆಚ್ಚಗಿನ ನೀರಲ್ಲಿ ಕೈಕಾಲು ಆಡಿಸೋ ಚಿಕಿತ್ಸೆಯ ಕೊಳ. ನೀರು ಮೂವತ್ತೆರಡು ಡಿಗ್ರಿ ಇರಬೇಕು. ಹೀಟರ್‌ಗೆ ಹೊಸದಾಗಿ ಆ್ಯಪ್ ಹಾಕಿಸಿದ್ರು. ಎಲ್ಲಿಂದ ಬೇಕಾದ್ರೂ ಫೋನಲ್ಲೇ ಬಿಸಿ ಏರಿಸಬಹುದು, ಇಳಿಸಬಹುದು. ಇನ್ಮೇಲೆ ರಾತ್ರಿ ಓಡಾಟ ತಪ್ಪಿತು ಅಂತ ಭಾವ ಹಿಗ್ಗಿದ್ದೇ ಹಿಗ್ಗಿದ್ದು.

ಆ ರಾತ್ರಿ ಬೀಗ ಹಾಕಿ ಮನೆಗೆ ನಡೆದು ಬರ್ತಿದಾನೆ. ಬಾವಿ ದಾಟಿದ. ಜೇಬಲ್ಲಿ ಫೋನು... ಟಿಣ್.

ತೆಗೆದು ನೋಡಿದ್ರೆ ಮೂವತ್ತಾರು. 'ಥತ್' ಅಂತ ಮೂವತ್ತೆರಡಕ್ಕೆ ಇಳಿಸಿದ. ಹತ್ತು ಹೆಜ್ಜೆ ಇಟ್ಟಿಲ್ಲ... ಟಿಣ್. ಮೂವತ್ತಾರು. ಮನೆ ಮುಟ್ಟೋ ಹೊತ್ತಿಗೆ ಹನ್ನೊಂದು ಸಲ ಇಳಿಸಿದ್ದ.

ಮೂರು ವಾರ ಇದೇ ಗೋಳು. ಪಾಸ್‌ವರ್ಡ್ ಬದಲಾಯಿಸಿದ. ಟಿಣ್. ಹೀಟರ್ ಕಂಪನಿಗೆ ಫೋನ್ ಮಾಡಿದ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿ, ಆಮೇಲೆ ಒಬ್ಬಳು, "ಒಂದ್ಸಲ ಆಫ್ ಮಾಡಿ ಆನ್ ಮಾಡಿ ಸರ್" ಅಂದಳು. ಅದನ್ನೂ ಮಾಡಿದ. ಟಿಣ್. ಹೀಟರನ್ನೇ ಪೂರ್ತಿ ಆರಿಸಿ ಬಂದರೆ ಬೆಳಿಗ್ಗೆ ನೀರು ತಣ್ಣಗಿರ್ತಿತ್ತು, ಮುದುಕರು ಬೈತಿದ್ರು. ಮೆಕ್ಯಾನಿಕ್ ಬಂದು ಎಲ್ಲಾ ಬಿಚ್ಚಿ, ಎಲ್ಲಾ ಸರಿಯಾಗೇ ಇದೆಯಲ್ಲ ಅಂತ ಭಾವನ ಮುಖವನ್ನೇ ನೋಡಿದ. ಅಕ್ಕನಿಗಂತೂ ಸಾಕಾಗಿ ಹೋಗಿತ್ತು. "ಆ ಫೋನನ್ನೇ ಮದುವೆ ಆಗಬೇಕಿತ್ತು ನೀವು" ಅಂತ ಗೋಡೆ ಕಡೆ ತಿರುಗಿ ಮಲಗ್ತಿದ್ದಳು.

ಒಂದು ಬೆಳಿಗ್ಗೆ ನಿವೃತ್ತ ಮೇಷ್ಟ್ರೊಬ್ಬರು ಆ ಬಿಸಿನೀರಿಗೆ ಇಳಿದವರು ಕಣ್ಣಿಗೆ ಕತ್ತಲೆ ಕವಿದು ಕುಸಿದ್ರು. ಇಬ್ಬರು ಹಿಡಿದುಕೊಂಡಿದ್ದಕ್ಕೆ ಉಳಿದ್ರು. ಮ್ಯಾನೇಜರ್ ಭಾವನನ್ನ ಕರೆದು ಒಂದೇ ಮಾತು ಹೇಳಿದ. "ನಾಳೆ ಒಂದು ಡಿಗ್ರಿ ಹೆಚ್ಚಿದ್ರೂ ಕೀಲಿ ಕೊಟ್ಟು ಹೋಗು."

ಆ ರಾತ್ರಿ ಭಾವ ಮನೆಗೆ ಹೋಗಲಿಲ್ಲ. ಕೊಳದ ಪಕ್ಕ ಕುರ್ಚಿ ಹಾಕಿಕೊಂಡು ಕೂತ. ಪಂಪು ಗುಂಯ್ ಅಂತಿತ್ತು. ರಾತ್ರಿ ಒಂದು ಗಂಟೆ ಆಗಿರಬೇಕು... ಹೀಟರ್ ರೂಮಿನ ಒಳಗಿಂದ ಸದ್ದು.

ಪಿಕ್... ಪಿಕ್... ಪಿಕ್... ಪಿಕ್.

ನಾಲ್ಕು ಸಲ. ಮೂವತ್ತೆರಡರಿಂದ ಮೂವತ್ತಾರಕ್ಕೆ ನಾಲ್ಕು ಸಲ ತಾನೇ ಗುಂಡಿ ಒತ್ತಬೇಕು? ರೂಮಿಗೆ ಬೀಗ ಇದೆ. ಕೀಲಿ ಭಾವನ ಸೊಂಟದಲ್ಲಿದೆ. ಬೀಗ ತೆಗೆದು ನೋಡಿದ. ಯಾರೂ ಇಲ್ಲ. ಬೆನ್ನ ಹಿಂದೆ ಕೊಳದಲ್ಲಿ... ಚಳಕ್. ತಿರುಗಿದ. ನೀರು ಅಲುಗಾಡ್ತಿಲ್ಲ.

"ಚಳಿ ಕಣಪ್ಪಾ..."

ಹೆಂಗಸಿನ ದನಿ. ವಯಸ್ಸಾದವರದ್ದು. ಬೇರೆ ಯಾರಾದ್ರೂ ಆಗಿದ್ರೆ ಚಪ್ಪಲಿ ಬಿಟ್ಟು ಓಡ್ತಿದ್ರು. ಆದ್ರೆ ಭಾವನಿಗೆ ಮೂರು ವಾರದ ಸಿಟ್ಟು ಗಂಟಲವರೆಗೆ ಬಂದಿತ್ತು. ಹೆದರಿಕೆಗೆ ಜಾಗವೇ ಇರಲಿಲ್ಲ. ಆದ್ರೂ ದನಿ ಮಾತ್ರ ಪಿಸುಗುಟ್ಟೋ ಹಾಗೇ ಬಂತಂತೆ.

"ಯಾರಮ್ಮ ನೀವು?"

"ಚಳಿ..."

"ಬೆಳಿಗ್ಗೆ ವಯಸ್ಸಾದವರು ಬರ್ತಾರಮ್ಮ. ಈ ಬಿಸಿಗೆ ಬೀಳ್ತಾರೆ. ನನ್ನ ಕೆಲಸ ಹೋಗುತ್ತೆ."

ಗುಂಯ್... ಪಂಪು ಒಂದೇ.

"ನೋಡಿ, ನಾಲ್ಕು ಗಂಟೆವರೆಗೆ ನಿಮ್ಮದು. ಆಮೇಲೆ ನನ್ನದು. ಆಗಬಹುದಾ?"

ನೀರಿನ ಕಡೆಯಿಂದ... "ಹೂಂ."

ಭಾವ ಗಂಭೀರವಾಗಿ ಗೇಟಿನವರೆಗೆ ನಡೆದ. ಅಲ್ಲಿ ನೆಲದ ಮೇಲೆ ಕೂತುಬಿಟ್ಟ.

ನಾಲ್ಕು ಗಂಟೆಗೆ ಸರಿಯಾಗಿ ಒಳಗೆ ಪಿಕ್, ಪಿಕ್, ಪಿಕ್, ಪಿಕ್. ಅಷ್ಟು ನೀರು ಆರೋದಕ್ಕೆ ಅರ್ಧ ದಿನ ಬೇಕು ಅಂತಾನೆ ಮೆಕ್ಯಾನಿಕ್. ಐದಕ್ಕೆ ಥರ್ಮಾಮೀಟರ್ ಅದ್ದಿದ್ರೆ ಮೂವತ್ತೆರಡು. ಅವತ್ತಿಂದ ದಿನಾ ಹಾಗೇ. ಒಂದು ದಿನವೂ ಮಾತು ತಪ್ಪಲಿಲ್ಲ. ಮ್ಯಾನೇಜರ್ ಮಾತ್ರ ಬಂದವರಿಗೆಲ್ಲ ಆ ಆ್ಯಪನ್ನೇ ಹೊಗಳ್ತಿದ್ದ.

ಆಮೇಲೆ ಟೈಲ್ಸ್ ಬದಲಾಯಿಸೋಕೆ ಕೊಳ ಖಾಲಿ ಮಾಡಿದ್ರು. ಹೀಟರ್ ಕಳಚಿಟ್ರು. ಆ ರಾತ್ರಿ ಫೋನು ಬಾಯಿ ಬಿಡಲಿಲ್ಲ. ಭಾವನಿಗೆ ಮಾತ್ರ ನಿದ್ದೆ ಇಲ್ಲ. ಬೆಳಕು ಹರಿಯೋ ಮೊದಲೇ ಅಕ್ಕನನ್ನೂ ಎಬ್ಬಿಸಿಕೊಂಡು ಹೋದ. ಏಣಿ ಹಿಡಿದು ಇಬ್ಬರೂ ತಳಕ್ಕೆ ಇಳಿದ್ರು. ತಳ ಒಣಗಿತ್ತು, ತಣ್ಣಗೆ ಕೊರೀತಿತ್ತು. ಆದ್ರೆ ಒಂದು ಮೂಲೆಯಲ್ಲಿ, ಒಬ್ಬ ಮನುಷ್ಯ ಅಂಗಾತ ಮಲಗುವಷ್ಟು ಜಾಗ... ಬೆಚ್ಚಗಿತ್ತು. ಈಗ ತಾನೇ ಯಾರೋ ಎದ್ದು ಹೋದ ಹಾಸಿಗೆ ಥರ.

ಅಕ್ಕ ದೆವ್ವ ಗಿವ್ವ ನಂಬೋಳಲ್ಲ. ಈಗಲೂ ನಂಬಲ್ಲ. ಆದ್ರೆ ಅಂಗೈ ಇಟ್ಟು ನೋಡಿದೋಳು ಅವಳೇ. ಬೇಕಾದ್ರೆ ಬೆಳಿಗ್ಗೆ ಅವಳನ್ನೇ ಕೇಳಿ.